ಎಡಗೈಗೆಂದು ಮಾಡಿದ್ದು

ಮನೆ, ನಡುಮನೆಯ ಮೇಜು
ಮಾರ್ಚ್ ಹದಿನಾರು, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅಣ್ಣನ ಸೊಂಟ ನೋಡಿಕೊಳ್ಳುವ ಭರದಲ್ಲಿ ನಿನ್ನ ಕಾಲನ್ನು ಮರೆತೇಬಿಟ್ಟೆಯೋ? ಭಾವ ಈಗ ಕೋಲಿಲ್ಲದೆ ಎಷ್ಟು ಹೆಜ್ಜೆ ಇಡುತ್ತಾರೆ? ಮೊನ್ನೆ ಫೋನಿನಲ್ಲಿ, ಹೊರಬಾಗಿಲತನಕ ಹೋಗಿ ಬಂದರು ಎಂದೆ. ಆಪರೇಷನ್ ಆಗಿ ಎರಡು ತಿಂಗಳಿಗೆ ಅಷ್ಟು ನಡೆದರೆ ಗೆದ್ದ ಹಾಗೆ. ಆದರೆ ಅವರ ಹಟ ನನಗೆ ಗೊತ್ತು, ಇವತ್ತು ಬಾಗಿಲು ಎಂದವರು ನಾಳೆ ಬೀದಿ ಎನ್ನುತ್ತಾರೆ. ನೀನು ಹಿಂದೆಯೇ ಇರು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮೊಮ್ಮಗಳು ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಅನ್ನ ಮಾಡಿಡುತ್ತಾಳೆ, ಸಂಜೆ ನಾನು ಬಿಸಿ ಮಾಡುತ್ತೇನೆ. ಒಮ್ಮೆ ಅನ್ನ ಹಾಕುವುದನ್ನು ಮರೆತು ಬರೀ ಪಾತ್ರೆಯನ್ನೇ ಬಿಸಿ ಮಾಡಿದೆ. ಅದರ ತಳದ ವಿಷಯ ನೀನು ಬಂದ ಮೇಲೆ ಮಾತಾಡೋಣ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಮೊದಲ ಮಾತು ಮುಗಿಸುವಷ್ಟರಲ್ಲಿ ನೀನು ಮೂರನೆಯದಕ್ಕೆ ಉತ್ತರ ಕೊಟ್ಟಿರುತ್ತೀಯ. ಅದೂ ಅಲ್ಲದೆ ಈ ಸುದ್ದಿಯ ನಡುವೆ ನೀನು ಬೈಯುವ ಜಾಗ ಒಂದಿದೆ. ಕಾಗದವಾದರೆ ನೀನು ಬೈಯುತ್ತ ಬೈಯುತ್ತಲೇ ಮುಂದಕ್ಕೆ ಓದಬೇಕಾಗುತ್ತದೆ, ನನಗೆ ಅದೇ ಅನುಕೂಲ.

ನೀನು ಹೊರಟ ಮರುವಾರ ಮೊಮ್ಮಗಳ ಕಾಲೇಜಿನಲ್ಲಿ ಹೊಸದೊಂದು ಪಾಠ ಶುರುವಾಯಿತು. ಪುಸ್ತಕದ ಪಾಠವಲ್ಲ. ಸಮುದ್ರದಾಚೆಯ ಒಂದು ದೇಶದ ಎಂಜಿನಿಯರಿಂಗ್ ಕಾಲೇಜಿನ ನಾಲ್ವರು, ಇಲ್ಲಿಯ ನಾಲ್ವರು, ಹೀಗೆ ಎಂಟು ಮಕ್ಕಳು ಒಂದು ತಂಡ. ಆರು ವಾರದಲ್ಲಿ ಎಲ್ಲರೂ ಸೇರಿ ಒಂದು ವಸ್ತುವನ್ನು ಯೋಚಿಸಿ, ಬರೆದು, ಮಾಡಿ ತೋರಿಸಬೇಕು. ಮೇಷ್ಟ್ರು ಹಾಕಿದ ಷರತ್ತು ಒಂದೇ: ಆ ವಸ್ತು ಯಾರಾದರೂ ಒಬ್ಬ ನಿಜವಾದ ಮನುಷ್ಯರಿಗೆ ಬೇಕಾಗಿರಬೇಕು, ಕೊನೆಯ ದಿನ ಅವರೇ ಬಂದು ಎಲ್ಲರೆದುರು ಅದನ್ನು ಬಳಸಬೇಕು. ನಮ್ಮವಳು ಯಾರನ್ನು ಆರಿಸಿದಳು ಗೊತ್ತೇ? ನಿನ್ನ ಗೆಳತಿ ಟೈಲರಮ್ಮನನ್ನು. ಲಕ್ವ ಹೊಡೆದು ಎರಡು ವರ್ಷವಾದರೂ ಅವರ ಬಲಗೈ ಬೆರಳುಗಳು ಮುದುಡಿಕೊಂಡೇ ಇರುವುದು ನಿನಗೆ ಗೊತ್ತಿದ್ದದ್ದೇ. ಇಪ್ಪತ್ತೆಂಟು ವರ್ಷ ಬೀದಿಗೆಲ್ಲ ಬಟ್ಟೆ ಹೊಲಿದವರು ಮೂಲೆಯಂಗಡಿಯಲ್ಲಿ ಕೂತು ಅಂಚು ಮಡಿಸುವುದು, ಜಿಪ್ ಬದಲಾಯಿಸುವುದು, ಇಷ್ಟಕ್ಕೇ ಬಂದು ನಿಂತಿದ್ದರು. ಕತ್ತರಿ ಹಿಡಿಯಲಾಗದ ಟೈಲರ್ ಎಂದರೆ ಒಲೆಯ ಹತ್ತಿರ ಹೋಗಲಾಗದ ಅಡುಗೆಯವನ ಹಾಗೆ. ನಿನಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಈ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುತ್ತೇನೆಂದು ಅವರು ಮಾಲೀಕರಿಗೆ ಹೇಳಿಯೂಬಿಟ್ಟಿದ್ದರು. ನಿನಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅಣ್ಣನ ಚಿಂತೆಯ ಮೇಲೆ ಇದೊಂದು ಯಾಕೆ ಎಂದು.

ಶನಿವಾರ ಬಂತೆಂದರೆ ನಮ್ಮ ನಡುಮನೆಯಲ್ಲೇ ಸಭೆ. ನಮಗೆ ಬೆಳಿಗ್ಗೆ ಎಂಟು ಗಂಟೆ, ಅವರಿಗೆ ಇನ್ನೂ ಹಿಂದಿನ ದಿನದ ಸಂಜೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ನಮ್ಮವರು ನಾಲ್ವರು, ಅದರೊಳಗೆ ಆ ನಾಲ್ವರು. ಮೊದಲ ಶನಿವಾರ ಈ ಏರ್ಪಾಡು ಗೊತ್ತಿಲ್ಲದೆ ನಾನು ಮುಖದ ತುಂಬ ಸೋಪಿನ ನೊರೆ ಬಳಿದುಕೊಂಡು, ಬನಿಯನ್ನಿನಲ್ಲಿ, ಗೋಡೆಯ ಕನ್ನಡಿಗೆ ಬಂದೆ. ಹಿಂದಿನಿಂದ ನಾಲ್ಕು ಅಪರಿಚಿತ ಕಂಠಗಳು ಒಟ್ಟಿಗೆ ನಮಸ್ಕಾರ ಹೇಳಿದವು. ಏನು ಮಾಡುವುದು, ನಾನೂ ಕ್ಷೌರದ ಬ್ರಷ್ಷನ್ನೇ ಎತ್ತಿ ನಮಸ್ಕಾರ ಮಾಡಿದೆ. ಅಂದಿನಿಂದ ಆ ದೇಶದಲ್ಲಿ ನಾನು ನೊರೆ ಅಜ್ಜ. ಅವರ ಪೈಕಿ ಮುಂದಾಳು ಒಬ್ಬಳು ಉದ್ದ ಹುಡುಗಿ. ಪರದೆಯಲ್ಲಿ ಉದ್ದ ಹೇಗೆ ತಿಳಿಯಿತು ಎನ್ನಬೇಡ, ಅವಳು ಎದ್ದು ನಿಂತರೆ ಪರದೆಗೆ ಸೊಂಟ ಮಾತ್ರ ಸಿಗುತ್ತದೆ. ಎರಡೂ ಕಡೆಯವರದು ಅರ್ಧಂಬರ್ಧ ಇಂಗ್ಲಿಷು. ಸಾಲದ್ದನ್ನು ಕೈ, ಕಣ್ಣು, ಪೆನ್ಸಿಲ್ಲು ತುಂಬಿಕೊಡುತ್ತಿದ್ದವು.

ಮೊದಲ ಎರಡು ವಾರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಜಗಳ ಹುಟ್ಟಿದ್ದು 'ನೋಡೋಣ' ಎಂಬ ಒಂದೇ ಮಾತಿನಿಂದ. ವಿದ್ಯುತ್ತಿನಿಂದ ತಿರುಗುವ ಕತ್ತರಿಚಕ್ರ ಮಾಡೋಣ ಎಂದು ಅವರು ಹೇಳಿದರು. ನಮ್ಮವರಿಗೆ ಅದು ಹಿಡಿಸಲಿಲ್ಲ, ಮುಖ ಮುರಿಯುವುದು ಬೇಡವೆಂದು 'ನೋಡೋಣ' ಎಂದರು. ನಮ್ಮಲ್ಲಿ ನೋಡೋಣ ಎಂದರೆ ಬೇಡ ಎಂದು ತೊಟ್ಟಿಲ ಕೂಸಿಗೂ ಗೊತ್ತು. ಹೊಸ ರೇಡಿಯೋ ವಿಷಯದಲ್ಲಿ ನೀನು ನನಗೆ ಹತ್ತು ವರ್ಷದಿಂದ ಇನ್ನೇನು ಹೇಳುತ್ತಿದ್ದೀಯ? ಆದರೆ ಅವರು ಅದನ್ನು ಹೌದೆಂದು ತಿಳಿದು, ವಾರವಿಡೀ ಕೂತು, ಚಕ್ರವನ್ನು ಮಾಡಿಯೇಬಿಟ್ಟರು. ಮುಂದಿನ ಶನಿವಾರ ಅದನ್ನು ತಿರುಗಿಸಿ ತೋರಿಸಿದಾಗ ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡವಾಗಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಉದ್ದ ಹುಡುಗಿ ಕೇಳಿದಳು. ಹೇಳಿದೆವಲ್ಲ ಎಂದು ನಮ್ಮವಳು. ಆ ದಿನ ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೆ ನನ್ನ ಚಹಾ ಕೈಮೇಲೆ ಚೆಲ್ಲಿತು. ಊಟದ ಹೊತ್ತಿಗೆ ನಾನು ಅವಳಿಗೆ ನಾನು ದುಡಿದ ಕಾರ್ಖಾನೆಯ ಮಾತು ಹೇಳಿದೆ: ಬೇಡ ಎನ್ನುವುದಿದ್ದರೆ ಲೋಹ ಕತ್ತರಿಸುವ ಮೊದಲು ಹೇಳಬೇಕು, ಆಮೇಲೆ ಹೇಳಿದರೆ ಲೋಹ ಕೇಳುವುದಿಲ್ಲ. ಅವಳು ಸೊಟ್ಟ ಮುಖ ಮಾಡಿಕೊಂಡೇ ಆ ಕಡೆಗೆ ಒಂದು ಓಲೆ ಬರೆದಳು. ಅವರ ಕಡೆಯಿಂದಲೂ ಉತ್ತರ ಬಂತು: ತಾವು ಮಾತಿಗೊಮ್ಮೆ 'ಯಾಕೆ' ಎಂದು ಕೇಳುವುದು ಜಗಳಕ್ಕಲ್ಲ, ತಿಳಿಯಲಿಕ್ಕೆ, ಬೇಸರ ಮಾಡಿಕೊಳ್ಳಬೇಡಿ ಎಂದು. ಅಲ್ಲಿಂದ ಮುಂದೆ ಉದ್ದ ಹುಡುಗಿ ನಮ್ಮ ಭಾಷೆಯ ಒಂದು ಶಬ್ದ ಕಲಿತಳು: ಬೇಡ. ಕಲಿತದ್ದೇ ತಡ, ಕಂಡಕಂಡದ್ದಕ್ಕೆಲ್ಲ ಬೇಡ. ಸಭೆ ಮುಗಿಸೋಣವೇ ಎಂದರೂ ಬೇಡ.

ಮೂರನೆಯ ಶನಿವಾರ ಟೈಲರಮ್ಮನನ್ನೇ ಕರೆಸಿದರು. ಅವರು ಮದುವೆಮನೆಗೆ ಹೊರಟವರ ಹಾಗೆ ತಲೆ ಬಾಚಿಕೊಂಡು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಕೂತರು. ಮೇಜು ಎಷ್ಟು ಎತ್ತರ, ಯಾವ ಬೆರಳು ಎಷ್ಟು ಆಡುತ್ತದೆ, ಭುಜ ನೋಯುತ್ತದೆಯೇ, ಎಷ್ಟು ಹೊತ್ತು ಕೂರಬಲ್ಲಿರಿ ಎಂದು ಆ ಮಕ್ಕಳು ಒಂದೊಂದೇ ಕೇಳಿದರು, ಮೊಮ್ಮಗಳು ಎರಡೂ ಕಡೆಗೆ ದಾಟಿಸಿದಳು. ಕೊನೆಗೆ, ನಿಮ್ಮ ಕೆಲಸದಲ್ಲಿ ನೀವು ತುಂಬ ಕಳೆದುಕೊಂಡಿದ್ದು ಯಾವುದು ಎಂದು ಉದ್ದ ಹುಡುಗಿ ಕೇಳಿದಳು. ಟೈಲರಮ್ಮ ಬಲಗೈ ಮೇಲಿನ ಸೆರಗನ್ನು ಇನ್ನಷ್ಟು ಎಳೆದುಕೊಂಡರು. ಆಮೇಲೆ, "ಕತ್ತರಿ ಬಟ್ಟೆ ಒಳಗೆ ಹೋಗುವಾಗ ಒಂದು ಸದ್ದು ಬರುತ್ತಲ್ಲ, ಅದು. ಆ ಸದ್ದಲ್ಲೇ ಗೊತ್ತಾಗೋದು, ಸರಿಯಾಗಿ ಹೋಗ್ತಿದೆಯೋ ಇಲ್ವೋ ಅಂತ," ಎಂದರು. ಮೊಮ್ಮಗಳು ಅದನ್ನು ದಾಟಿಸಿದಳು. ನಾವೂ ಕೇಳಬಹುದೇ ಎಂದಳು ಉದ್ದ ಹುಡುಗಿ. ನಮ್ಮವಳು ನಿನ್ನ ದೊಡ್ಡ ಕತ್ತರಿ ತಂದು, ಕೈಗೆ ಸಿಕ್ಕ ದಿಂಬಿನ ಚೀಲವನ್ನು ಲ್ಯಾಪ್‌ಟಾಪಿನ ಹತ್ತಿರ ಹಿಡಿದು ಉದ್ದಕ್ಕೆ ಕತ್ತರಿಸಿದಳು. (ನನ್ನ ದಿಂಬಿನದು, ನಿನ್ನದಲ್ಲ.) ಅವರು ನಾಲ್ವರೂ ಕಣ್ಣು ಮುಚ್ಚಿ ಕೇಳಿದರು. ಗುಂಯ್‌ಗುಡುವ ಚಕ್ರವನ್ನು ಅವತ್ತೇ ಕೈಬಿಟ್ಟರು, ಯಾರೂ ಬೇಡ ಎನ್ನಬೇಕಾಗಲೇ ಇಲ್ಲ.

ಕೊನೆಗೆ ಎಂಟೂ ಜನ ಒಪ್ಪಿದ್ದು ಹೀಗಿತ್ತು. ಟೈಲರಮ್ಮನ ಹಳೆಯ ಕತ್ತರಿಯೇ. ಅದರ ಕೆಳಗಿನ ಹಿಡಿಯನ್ನು ಪುಟ್ಟ ಗಾಲಿಗಳಿರುವ ಹಲಗೆಗೆ ಬಿಗಿದು, ಮೇಜಿನ ಮೇಲೆ ಓಡುವಂತೆ ಮಾಡುವುದು. ಮೇಲಿನ ಹಿಡಿಗೆ ಸ್ಪ್ರಿಂಗು, ಒತ್ತಿ ಬಿಟ್ಟರೆ ಕತ್ತರಿ ತಾನೇ ಬಾಯಿ ತೆರೆಯುತ್ತದೆ. ಆ ಹಿಡಿಯ ಮೇಲೆ ಅಂಗೈ ಇಡಲು ಒಂದು ಬಟ್ಟಲು, ಎಡಗೈಗೆ ಹೊಂದುವಂತೆ ಒಂದು ಪಕ್ಕಕ್ಕೆ ವಾಲಿದ್ದು. ಬೆರಳು ಮಡಚುವ ಕೆಲಸವೇ ಇಲ್ಲ, ಎಡಗೈಯನ್ನು ಬಟ್ಟಲಲ್ಲಿಟ್ಟು ಒತ್ತುತ್ತ ಮುಂದಕ್ಕೆ ತಳ್ಳಿದರೆ ಆಯಿತು. ಬಟ್ಟೆ ಜರುಗದಂತೆ ನಾಲ್ಕು ಕ್ಲಿಪ್ಪು. ಅವರು ಬರೆದು ಕಳಿಸುವುದು, ನಮ್ಮವರು ಮಾಡುವುದು. ಎಲ್ಲ ಸರಿಹೋಯಿತು, ಬಟ್ಟಲು ಮಾತ್ರ ಹೋಗಲಿಲ್ಲ. ಕಾಲೇಜಿನ ಯಂತ್ರದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದು ಎರಡು ಸಲ ಒತ್ತುವಾಗಲೇ ಬಿರಿಯಿತು. ಲೋಹದಲ್ಲಿ ಮಾಡಿಸಲು ಅಲ್ಲಿಯ ವರ್ಕ್‌ಶಾಪಿನಲ್ಲಿ ಬೇರೆ ತಂಡಗಳ ಸಾಲು. ಪ್ರದರ್ಶನಕ್ಕೆ ಐದು ದಿನ ಉಳಿದಾಗ ಮೊಮ್ಮಗಳು ಡ್ರಾಯಿಂಗ್ ಹಾಳೆಯನ್ನು ಮೇಜಿನ ಮೇಲೆ ಹಾಕಿ, ತಲೆಯ ಮೇಲೆ ಕೈಹೊತ್ತು ಕೂತಳು.

ನೀನು ಬೈಯುವ ಜಾಗ ಬಂತು. ಲೋಹ ಕಡೆಯುವ ನನ್ನ ಲೇತ್ ಇರುವ ಹಿತ್ತಲ ಕೋಣೆಯ ಬೀಗದ ಕೈಯನ್ನು ನೀನು ಹಿಟ್ಟಿನ ಡಬ್ಬದ ತಳದಲ್ಲಿ ಬಚ್ಚಿಟ್ಟಿದ್ದೀಯ ಎಂಬುದು ನನಗೆ ಮೊದಲ ವಾರದಿಂದಲೇ ಗೊತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಲೇತ್ ಮುಟ್ಟುವುದಿಲ್ಲ ಎಂದು ನಿನಗೆ ಮಾತು ಕೊಟ್ಟೆ, ನಾಲ್ಕು ವರ್ಷ ಉಳಿಸಿಕೊಂಡೆ, ಮೊನ್ನೆ ಮಂಗಳವಾರ ಮುರಿದೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡಿದ್ದೆ. ಮೊಮ್ಮಗಳು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದಳು. ಬಾಗಿಲು ತೆರೆದು ಹಗಲಿನ ಬೆಳಕಿನಲ್ಲೇ ಮಾಡಿದೆ. ಬೈದಾಯಿತೇ? ಇನ್ನು ಓದು. ಬುಡವನ್ನು ಲೇತಿನಲ್ಲಿ ಕಡೆದು, ಬಟ್ಟಲನ್ನು ಅರದಿಂದ ಉಜ್ಜಿ ಉಜ್ಜಿ ತಿದ್ದಿ, ಎರಡು ದಿನದಲ್ಲಿ ಮುಗಿಸಿದೆ. ಅಲ್ಯೂಮಿನಿಯಂ ಸಿಪ್ಪೆ ಸುರುಳಿಸುರುಳಿಯಾಗಿ ಎದ್ದು ನೆಲಕ್ಕೆ ಬೀಳುವುದನ್ನು ನೋಡುತ್ತ ನನಗೆ ಹೊಟ್ಟೆ ತುಂಬಿದಂತಾಯಿತು. ಕೈ ಮೊದಲು ಸ್ವಲ್ಪ ತಡವರಿಸಿತು, ಆಮೇಲೆ ಅದಕ್ಕೇ ನೆನಪಾಯಿತು. ಮೂವತ್ತೆಂಟು ವರ್ಷದ ಅಭ್ಯಾಸ ನೋಡು, ಕೈ ಮುಂದೆ ಹೋಗುತ್ತದೆ, ನಾನು ಹಿಂದೆ ಹೋಗುತ್ತೇನೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಟೈಲರಮ್ಮನ ಅಂಗಡಿಗೆ ಹೋಗಿ, ಎಲ್ಲ ಜೋಡಿಸಿ, ಎಡಗೈ ಇಡಿ ಎಂದೆವು. ಕೂರಲಿಲ್ಲ. ಬಟ್ಟಲು ವಾಲಬೇಕಾದ ಕಡೆ ವಾಲದೆ ಇನ್ನೊಂದು ಕಡೆಗೆ ವಾಲಿತ್ತು, ಹೆಬ್ಬೆರಳು ಕೂರುವ ತಗ್ಗು ಕಿರುಬೆರಳಿನ ಕಡೆ ಇತ್ತು. ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿದ ಹಾಗೆ. ಪ್ರದರ್ಶನ ಶನಿವಾರ, ಇನ್ನೊಂದು ಮಾಡಲು ಲೋಹವೂ ಇಲ್ಲ, ದಿನವೂ ಇಲ್ಲ. ಡ್ರಾಯಿಂಗೇ ತಪ್ಪು ಎಂದು ನಾನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊಮ್ಮಗಳು ಫೋನಿನಲ್ಲಿ ಉದ್ದ ಹುಡುಗಿಯನ್ನು ಹಿಡಿದು, ಅದನ್ನೇ ಸ್ವಲ್ಪ ಮೆತ್ತಗೆ ದಾಟಿಸಿದಳು. ಆ ಹುಡುಗಿ ಬಟ್ಟಲನ್ನು ನೋಡಿದಳು, ತನ್ನ ಹಾಳೆ ನೋಡಿದಳು. ತನ್ನದೇ ತಪ್ಪು, ಬಟ್ಟಲು ಯಾವ ಕಡೆ ವಾಲಬೇಕೆಂದು ಪದಗಳಲ್ಲಿ ಬರೆದು ತಿಳಿಸಬೇಕಿತ್ತು ಎಂದಳು. ಅವಳ ಕಣ್ಣು ತುಂಬಿತ್ತು.

ನಾನು ಹಾಳೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕೆಳಗಿನ ಮೂಲೆಯಲ್ಲಿ ಕಾಳಿನಷ್ಟು ಚಿಕ್ಕ ಒಂದು ಗುರುತು. ನಿನಗೆ ಬೇಸರವಾಗದಂತೆ ಹೇಳುತ್ತೇನೆ. ಒಂದು ವಸ್ತುವನ್ನು ಬಲಗಡೆಯಿಂದ ನೋಡಿದರೆ ಹೇಗೆ ಕಾಣುತ್ತದೋ ಆ ಚಿತ್ರವನ್ನು ನಾವು ಹಾಳೆಯ ಎಡಗಡೆ ಬರೆಯುತ್ತೇವೆ, ಅವರ ದೇಶದಲ್ಲಿ ಬಲಗಡೆಯೇ ಬರೆಯುತ್ತಾರೆ. ಎರಡೂ ಸರಿ. ಯಾವ ಪದ್ಧತಿ ಎಂದು ತಿಳಿಸಲಿಕ್ಕೇ ಆ ಗುರುತು. ಅದನ್ನು ನೋಡದೆ ಓದಿದವನು ಮಾಡಿದ್ದು ಕನ್ನಡಿಯೊಳಗಿನ ವಸ್ತುವಿನ ಹಾಗೆ ತಿರುವುಮುರುವು ಆಗುತ್ತದೆ. ಕಾರ್ಖಾನೆಗೆ ಕೆಲಸ ಕಲಿಯಲು ಬಂದ ಮೊದಲ ವರ್ಷದ ಹುಡುಗರಿಗೆ ನಾನೇ ಎಷ್ಟು ಸಲ ಇದಕ್ಕೆ ಗದರಿದ್ದೇನೋ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮೊಮ್ಮಗಳಿಗೂ ನಾನು ಹೇಳಿದ್ದೇ ವೇದವಾಕ್ಯ. ನಿಜ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಸಾವಿರಾರು ಮೈಲಿಯಾಚೆ ಕೂತು, ಮಾಡದ ತಪ್ಪಿಗೆ ಕಣ್ಣೊರೆಸಿಕೊಳ್ಳುತ್ತಿದ್ದ ಆ ಹುಡುಗಿಯನ್ನು ನೋಡಿ ಆಗಲಿಲ್ಲ. "ತಪ್ಪು ನಂದು. ಗುರುತು ಅಲ್ಲೇ ಇದೆ, ನಾನೇ ನೋಡ್ಲಿಲ್ಲ. ಹಾಗೇ ಹೇಳು ಅವಳಿಗೆ," ಎಂದೆ. ಮೊಮ್ಮಗಳು ನನ್ನ ಮುಖ ನೋಡಿದಳು, ಆಮೇಲೆ ಹಾಗೇ ಹೇಳಿದಳು.

ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಕರ್ ಎಂದು ಒಂದು ಸದ್ದು.

ನಾವೆಲ್ಲ ಫೋನಿನೊಳಗೆ ಮುಳುಗಿದ್ದಾಗ ಟೈಲರಮ್ಮ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಬಟ್ಟಲಲ್ಲಿ ಇಟ್ಟುಕೊಂಡಿದ್ದರು. ಮುದುಡಿದ ಬೆರಳುಗಳು ಅದರೊಳಗೆ ಗೂಡಿನಲ್ಲಿ ಹಕ್ಕಿ ಕೂತಂತೆ ಕೂತಿದ್ದವು. ಬೆರಳಲ್ಲಿ ಶಕ್ತಿಯಿಲ್ಲ, ಆದರೆ ಭುಜದಲ್ಲಿದೆ. ಆ ಭುಜದ ಭಾರವನ್ನು ಮೆಲ್ಲನೆ ಬಿಟ್ಟರು, ಕತ್ತರಿ ಕಚ್ಚಿತು. ಎಡಗೈ ಬಟ್ಟೆಯ ಮೇಲೆ ಚಪ್ಪಟೆಯಾಗಿ ಹರಡಿ, ಎಳೆದು, ಸಡಿಲಿಸಿ, ದಾರಿ ತೋರಿಸುತ್ತಿತ್ತು. ಒಂದು ಗೇಣು ಕತ್ತರಿಸಿದರು, ಇನ್ನೊಂದು ಗೇಣು. ಮೇಜಿನ ತುದಿಯತನಕ ಹೋಗಿ ನಿಂತರು. ಆಮೇಲೆ ನಮ್ಮ ಕಡೆ ತಿರುಗಿ, ಗದರುವ ಹಾಗೆಯೇ ಹೇಳಿದರು: "ಎಡಗೈ ಯಾವತ್ತು ಕತ್ತರಿಸಿತ್ತು? ಅದರ ಕೆಲಸ ಬಟ್ಟೆ ಹಿಡಿಯೋದು. ನೀವು ಯಾರೂ ಕೇಳಲೇ ಇಲ್ವಲ್ಲ."

ನೋಡು, ಎಂಟು ಜನ ಬುದ್ಧಿವಂತರು, ನೂರು ಪ್ರಶ್ನೆ ಕೇಳಿದರು. ಬಲಗೈ ಏನೇನು ಮಾಡಲಾರದು ಎಂದು ಅಳೆದರು. ಎಡಗೈಗೆ ಇಪ್ಪತ್ತೆಂಟು ವರ್ಷದಿಂದ ಬೇರೆಯೇ ಒಂದು ಕೆಲಸ ಗೊತ್ತಿದೆ, ಅದನ್ನು ಅದಕ್ಕೇ ಬಿಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಇಲ್ಲ. ಮೊಮ್ಮಗಳು ಫೋನನ್ನು ಕತ್ತರಿಯ ಕಡೆ ತಿರುಗಿಸಿದಳು. ಉದ್ದ ಹುಡುಗಿ ಇನ್ನೊಂದು ಸಲ ಮಾಡಿ ಎಂದಳು, ಮತ್ತೊಂದು ಸಲ ಎಂದಳು, ಕೊನೆಗೆ ಮೂಗು ಒರೆಸಿಕೊಳ್ಳುತ್ತ, "ಕ್ಲಿಪ್ ಬೇಡ," ಎಂದಳು. ಎಲ್ಲರೂ ನಕ್ಕೆವು. ಟೈಲರಮ್ಮ ನಗುತ್ತಲೇ ಕೂತರು, ಸೆರಗು ಜಾರಿ ಬಲಗೈ ಕಾಣುತ್ತಿದ್ದುದು ಅವರಿಗೆ ಗಮನವೇ ಇರಲಿಲ್ಲ. ಅವತ್ತು ಆ ನಾಲ್ವರು ಹಳೆಯ ಡ್ರಾಯಿಂಗುಗಳನ್ನೆಲ್ಲ ತಿರುಗಿಸಿ ಹೊಸದಾಗಿ ಬರೆದರು, ಈ ನಾಲ್ವರು ವರದಿ ತಿದ್ದಿದರು, ನಾನು ಎಲ್ಲರಿಗೂ ಚಹಾ ಮಾಡಿದೆ. ಮೂರನೆಯ ಸಲ ಸಕ್ಕರೆಯೂ ಹಾಕಿದೆ.

ನಿನ್ನೆ ಪ್ರದರ್ಶನ. ಕಾಲೇಜಿನ ದೊಡ್ಡ ಕೋಣೆ, ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಆ ಕಡೆಯ ಮಕ್ಕಳು ಮತ್ತು ಅವರ ಮೇಷ್ಟ್ರುಗಳು. ಟೈಲರಮ್ಮನ ಸರದಿ ಬಂದಾಗ ನೀಲಿ ಬಟ್ಟೆ ಹಾಸಿದರು. ಮೊದಲೆರಡು ಗೆರೆ ನೆಟ್ಟಗೆ ಹೋದವು. ಮೂರನೆಯದು ಒಂದೆಳೆಯಷ್ಟು ಜಾರಿತು. ಅವರು ನಿಂತರು, ಗಾಲಿಯನ್ನು ಹಿಂದಕ್ಕೆಳೆದುಕೊಂಡರು, ಉಸಿರು ಬಿಟ್ಟು ಮತ್ತೆ ಶುರುಮಾಡಿದರು. ಕೋಣೆ ತುಂಬ ಜನವಿದ್ದರೂ ಕತ್ತರಿಯ ಸದ್ದು ಮಾತ್ರ. ಮೊದಲ ವರದಿಯಲ್ಲಿ ಎಡಗೈ ಎಂದಿತ್ತಲ್ಲ, ಬಲಗೈಗೆ ಯಾಕೆ ಬದಲಾಯಿಸಿದಿರಿ ಎಂದು ಆ ಕಡೆಯ ಮೇಷ್ಟ್ರೊಬ್ಬರು ಕೇಳಿದರು. ದೊಡ್ಡ ದೊಡ್ಡ ಕಾರಣ ಕೊಡಬಹುದಿತ್ತು. ಉದ್ದ ಹುಡುಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: ನಾವು ಬದಲಾಯಿಸಲಿಲ್ಲ, ಭಾಗ ತಿರುಗಿ ಬಂತು, ಅದನ್ನು ಹೇಗೆ ಬಳಸಬೇಕೆಂದು ಈ ತಾಯಿ ನಮಗೆ ಕಲಿಸಿದರು. ಮೊದಲ ಬಹುಮಾನ ನಮಗೆ ಬರಲಿಲ್ಲ. ಮೆಟ್ಟಿಲು ಹತ್ತುವ ಗಾಲಿಕುರ್ಚಿ ಮಾಡಿದವರಿಗೆ ಹೋಯಿತು, ನ್ಯಾಯವಾಗಿಯೇ. ಅದರ ಮೇಲೆ ನಾನೂ ಕೂತು ಒಂದು ಸುತ್ತು ಹತ್ತಿಳಿದೆ.

ಟೈಲರಮ್ಮನ ಬೆರಳು ಈಗಲೂ ಬಿಚ್ಚುವುದಿಲ್ಲ. ಅರ್ಧ ಗಂಟೆ ಕತ್ತರಿಸಿದರೆ ಭುಜ ಸೋಲುತ್ತದೆ. ಆದರೆ ನಿನ್ನೆ ಮಧ್ಯಾಹ್ನ ಅವರು ಮನೆಗೆ ಹೋಗದೆ ನೇರವಾಗಿ ಅಂಗಡಿ ಮಾಲೀಕರ ಮನೆಗೆ ಹೋದರು. ಬರುವಾಗ ನಮ್ಮ ಗೇಟಿನಲ್ಲಿ ನಿಂತು, "ಖಾಲಿ ಮಾಡಲ್ಲ ಅಂತ ಹೇಳಿ ಬಂದೆ ಅಣ್ಣ. ಅವರಿಗೆ ಹೇಳಿಬಿಡಿ ಇನ್ನು," ಎಂದರು. ಅವರಿಗೆ ಎಂದರೆ ನಿನಗೆ. ಅದಕ್ಕೇ ಇವತ್ತು ಎದ್ದವನೇ ಕಾಗದ ಹಿಡಿದು ಕೂತದ್ದು.

ಭಾವನಿಗೆ ನನ್ನ ನಮಸ್ಕಾರ, ಕೋಲನ್ನು ಬೇಗ ಎಸೆಯುವ ಆತುರ ಬೇಡವೆಂದು ಹೇಳು. ಅತ್ತಿಗೆಗೂ ಕೇಳಿದೆನೆಂದು ಹೇಳು. ಮೊಮ್ಮಗಳು ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ, ಆರು ವಾರದ ನಿದ್ದೆ ಬಾಕಿಯಿದೆ, ಎದ್ದ ಮೇಲೆ ಅವಳೇ ಬರೆಯುತ್ತಾಳಂತೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈ ನೋಡಿಕೋ.

ಇತಿ,
ನಿನ್ನ
ಇವರು

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಮುಖ್ಯವಾದದ್ದನ್ನೇ ಬರೆಯದೆ ಬಿಟ್ಟಿದ್ದೆ, ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ನಿನ್ನೆ ಎಲ್ಲ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಮುಂದಿನ ತಿಂಗಳು ಆ ಕಡೆಯ ಮಕ್ಕಳು ಇಲ್ಲಿಗೇ ಬರುತ್ತಾರಂತೆ, ಈ ಪಾಠ ಇನ್ನು ಪ್ರತಿ ವರ್ಷವೂ ಇರುತ್ತದಂತೆ. ವಾರಕ್ಕೆ ಎರಡು ಬೆಳಿಗ್ಗೆ ವರ್ಕ್‌ಶಾಪಿಗೆ ಬಂದು, ಎರಡು ದೇಶದ ಮಕ್ಕಳಿಗೂ ಡ್ರಾಯಿಂಗ್ ಓದುವುದನ್ನು ಹೇಳಿಕೊಡುತ್ತೀರಾ ಎಂದು ಕೇಳಿದರು. ತಪ್ಪು ಓದಿದವನನ್ನೇ ಕೇಳುತ್ತೀರಲ್ಲ ಎಂದೆ. ಅದಕ್ಕೇ ಕೇಳುತ್ತಿರುವುದು ಎಂದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ. ಕೆಲಸ ಬಿಟ್ಟು ಆರು ವರ್ಷವಾಯಿತು, ಇಷ್ಟು ದಿನ ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ನನಗೆ ಎಷ್ಟು ಕಷ್ಟವಾಗಿತ್ತು ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ, ಈಗ ಹೇಳಿದೆ. ಗುರುವಾರದೊಳಗೆ ಉತ್ತರ ಕೊಡಬೇಕು. ಹೋಗಲೇ?